ಹದಿನಾಲ್ಕು ಅಡಿ ಬಿಟ್ಟುಕೊಟ್ಟವರಿಗೆ

ಹುಣಸೆಕಟ್ಟೆ ಕೆರೆ, ಬೆಂಗಳೂರು
ಗೋಡೆ ಇಳಿದ ನೂರ ಮೂವತ್ತೆಂಟನೇ ವರ್ಷ, ಉತ್ತರೆ ಮಳೆಯ ಎರಡನೇ ಪಾದ

ಮಾನ್ಯರೇ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಈ ಕೆರೆಯ ಕೆಳಗಿನ ಬೀದಿಯ ಇಪ್ಪತ್ತಮೂರು ಮನೆಯವರಾದ ನೀವು ಹಿತ್ತಿಲ ಗೋಡೆಗಳನ್ನು ಕೆಡವಿ ರಾಜಕಾಲುವೆಗೆ ಹದಿನಾಲ್ಕು ಅಡಿ ಜಾಗ ಬಿಟ್ಟುಕೊಟ್ಟ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಅಷ್ಟು ವರ್ಷ ಹಿಂದಕ್ಕೆ ಬರೆಯುತ್ತಿರುವ ಈ ಪತ್ರ ಕೈಸೇರುವಾಗ ನೀವು ಇನ್ನೂ ಆ ಬಗ್ಗೆ ಜಗಳವಾಡುತ್ತಿರಬಹುದು. ಹಾಗಿದ್ದರೆ, ನೀವಿನ್ನೂ ಮಾಡದ ಕೆಲಸಕ್ಕೆ ವಂದನೆ ಹೇಳುತ್ತಿರುವ ನನ್ನನ್ನೂ, ನಿಮಗೆ ಹೊಸದೆನಿಸುವ ನನ್ನ ಕೆಲವು ಪದಗಳನ್ನೂ ಕ್ಷಮಿಸಿ.

ನಾನು ಈ ಕೆರೆಯ ನೀರುಗಂಟಿ. ತೂಬು ಎತ್ತುವ, ಇಳಿಸುವ ಹೊಣೆ ನನ್ನದು. ಆ ಹಳೆಯ ಹುದ್ದೆ ನಮ್ಮಲ್ಲಿ ಮರಳಿ ಬಂದಿದೆ, ಕೆರೆಗೊಬ್ಬರಂತೆ ಇದ್ದೇವೆ. ಮೇಲಿನ ಕೆರೆಯವರು ಕೆಳಗಿನವರನ್ನು ಕೇಳದೆ ತೂಬು ಮುಟ್ಟುವಂತಿಲ್ಲ. ಈ ಕೇಳುವಿಕೆಗೆ 'ಕೆಳಮಾತು' ಎನ್ನುತ್ತೇವೆ. ಬೆಳಿಗ್ಗೆ ಏಳಕ್ಕೆ ಕೆಳಮಾತು ಮುಗಿದ ಮೇಲೆಯೇ ಕಾಫಿ. ಆಮೇಲೆ ಕಾಲುವೆಯ ಜಾಲರಿಗೆ ಸಿಕ್ಕ ಕಸ ತೆಗೆಸುವುದು, ಅಳತೆಗಲ್ಲಿನಲ್ಲಿ ನೀರಿನ ಮಟ್ಟ ನೋಡುವುದು, ಏರಿಯ ಮೇಲೆ ಮೊಳೆತ ಆಲದ ಸಸಿಗಳನ್ನು ಕೀಳುವುದು. ನಮ್ಮ ಕೆಳಗೆ ಜೋಗಿಕೆರೆ. ಅದರ ನೀರುಗಂಟಿ ಧನ್ವಿತಜ್ಜಿ. ಅಂಥ ಹೆಸರು ಈಗ ಅಜ್ಜಿಯರಿಗೆ ಮಾತ್ರ ಇರುವುದು.

ಇನ್ನೊಂದು ಪದ 'ಮಳೆಜಾಗ'. ಹುಬ್ಬೆ ಮಳೆ ಹುಟ್ಟುವ ಮೊದಲು ಕೆರೆಯನ್ನು ಮೂರು ಅಡಿ ಇಳಿಸಿ, ಬರುವ ಮಳೆಗೆಂದು ಖಾಲಿ ಬಿಡುವ ಜಾಗವದು. ಈ ವರ್ಷ ನಾನು ಇಳಿಸಲಿಲ್ಲ. ಅಂಚಿನ ಜೊಂಡಿನಲ್ಲಿ ನಾಮದ ಕೋಳಿ ಎಂಬ ನೀರುಹಕ್ಕಿ ಮರಿ ಮಾಡಿತ್ತು. ನೀರಿಳಿದರೆ ಗೂಡು ಕೆಸರಿಗೆ ಬಿದ್ದು ನಾಯಿಗಳ ಪಾಲಾಗುತ್ತಿತ್ತು. ಅದಲ್ಲದೆ, ತುಂಬಿದ ಕೆರೆ ನೋಡಲು ಜನ ಬರುತ್ತಿದ್ದರು. ಅವರ ಹೊಗಳಿಕೆ ನನಗೆ ಹಿತವಾಗಿತ್ತು. ಅಜ್ಜಿ ದಿನವೂ ಕೇಳುತ್ತಿದ್ದರು: "ಏನಪ್ಪಾ, ಇಳಿಸಿದ್ಯಾ? ಇಲ್ಲ ಕೆರೆಗೆ ದೃಷ್ಟಿಬೊಟ್ಟು ಇಟ್ಕೊಂಡು ಕೂತಿದ್ಯಾ?" ನಾಳೆ ಎನ್ನುತ್ತಿದ್ದೆ.

ಹೋದ ವಾರ ಒಂದು ಮಧ್ಯಾಹ್ನ ಎರಡೇ ಗಂಟೆಯಲ್ಲಿ ಹದಿಮೂರು ಸೆಂಟಿಮೀಟರ್ ಮಳೆ ಸುರಿಯಿತು. ಮೂರೂವರೆಗೆ ಕೋಡಿ ಹರಿಯಿತು. ನಾಲ್ಕಕ್ಕೆ ಏರಿಯ ಒಂದು ಮಗ್ಗುಲಲ್ಲಿ ಮಣ್ಣು ಜಾರತೊಡಗಿತು. ಏರಿ ಒಡೆದರೆ ಜೋಗಿಕೆರೆ ದಂಡೆಯ ಇನ್ನೂರ ಹನ್ನೆರಡು ಮನೆಗಳು ಉಳಿಯುವುದಿಲ್ಲ. ಅಜ್ಜಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ.

"ಬೈಗುಳ ಆಮೇಲೆ ಕೊಡ್ತೀನಿ, ಈಸ್ಕೊಳ್ಳೋದು ಮರೀಬೇಡ. ನನ್ ಕೆರೆ ಇಳಿಸೇ ಇಟ್ಟಿದೀನಿ. ಎತ್ತು ತೂಬು, ಪೂರ್ತಿ ಎತ್ತು. ಕಾಲುವೆ ಅಗಲ ಐತೆ, ತಡ್ಕೊಳ್ತದೆ" ಎಂದರು.

ತಡೆದುಕೊಂಡಿತು. ಏರಿಯೂ ಉಳಿಯಿತು. ನೀರು ಕಾಲುವೆಯ ಅಂಚಿಗಿಂತ ನಾಲ್ಕು ಬೆರಳು ಕೆಳಗೆ ಹರಿಯಿತು, ಒಂದು ಮನೆಯ ಹೊಸಿಲನ್ನೂ ಮುಟ್ಟಲಿಲ್ಲ. ನಿಮ್ಮ ಕಾರು ನಿಲ್ಲುತ್ತಿದ್ದ, ಬಟ್ಟೆ ಒಣಗುತ್ತಿದ್ದ, ಹದಿನೇಳನೇ ಮನೆಯವರ ಅಡುಗೆಮನೆಯಿದ್ದ ಜಾಗದಲ್ಲಿ ಆ ನೀರು ಸಾಗಿಹೋಯಿತು. ಅಡುಗೆಮನೆ ಕಳೆದುಕೊಳ್ಳುವುದು ಸಣ್ಣ ಮಾತಲ್ಲವೆಂದು ನನಗೆ ಗೊತ್ತು.

ತಪ್ಪಿದ ನೀರುಗಂಟಿ ಕೆಳಗಿನ ಕೆರೆಯ ಮನೆಮನೆಗೂ ಹೋಗಿ ತನ್ನ ಬಾಯಿಂದಲೇ ತಪ್ಪು ಹೇಳಬೇಕು. ಇದು ನಮ್ಮ ಪದ್ಧತಿ. ನೂರ ಅರವತ್ತು ಮನೆ ಮುಗಿಸಿದ್ದೇನೆ. ಬೈದವರಿದ್ದಾರೆ, ಬೈಯುತ್ತಲೇ ಮಜ್ಜಿಗೆ ಕೊಟ್ಟವರೂ ಇದ್ದಾರೆ. ಒಬ್ಬ ಬಾಣಂತಿ ಹನ್ನೊಂದು ದಿನದ ಮಗುವನ್ನು ತೋರಿಸಿ ಬಾಗಿಲು ಹಾಕಿಕೊಂಡಳು. "ನಿಮ್ಮನ್ನು ಉಳಿಸಿದ್ದು ಆ ಇಪ್ಪತ್ತಮೂರು ಮನೆಯವರು" ಎಂದು ಎಲ್ಲ ಕಡೆಯೂ ಹೇಳುತ್ತೇನೆ. ಅವರು ಯಾರೆಂದು ಕೇಳುತ್ತಾರೆ. ನಮ್ಮಲ್ಲಿ ಉಳಿದಿರುವ ನಕ್ಷೆಯಲ್ಲಿ ಮನೆಯ ಸಂಖ್ಯೆಗಳಿವೆ, ಹೆಸರುಗಳಿಲ್ಲ.

ಆದ್ದರಿಂದ ಒಂದು ಕೋರಿಕೆ. ಕಾಲುವೆಯ ಕಲ್ಲು ಕಟ್ಟುವಾಗ ಎಲ್ಲಾದರೂ ಒಂದು ಕಡೆ ನಿಮ್ಮ ಹೆಸರುಗಳನ್ನು ಕೆತ್ತಿಸಿ. ನಾಳೆ ಇನ್ನೂ ಐವತ್ತೆರಡು ಮನೆಗಳಿಗೆ ಹೋಗಬೇಕು. ಹೊರಡುವ ಮೊದಲು ಕಾಲುವೆಗಿಳಿದು, ಕಲ್ಲಿನ ಪಾಚಿ ಉಜ್ಜಿ ಹೆಸರುಗಳಿವೆಯೇ ಎಂದು ನೋಡುತ್ತೇನೆ.

ವಂದನೆಗಳೊಂದಿಗೆ,
ಪುಟ್ಟಲಿಂಗ
ನೀರುಗಂಟಿ, ಹುಣಸೆಕಟ್ಟೆ ಕೆರೆ