ಉಜ್ಜಿ ತೊಳೆದ ಮರಿಗೆ

ಕುವೋಪಿಯೊ
ನವೆಂಬರ್ ೧೭, ೧೯೭೪

ಪ್ರೀತಿಯ ಇರ್ಯಾ,

ಹೇಗಿದ್ದೀಯೆ? ಸೊಂಟನೋವು ಕಡಿಮೆಯಾಯಿತೇ? ಆ ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಇರಬೇಕು ಎಂದು ನೀನು ಬರೆದಿದ್ದೆ. ನಿಂತು ದುಡಿಯುವುದು ನಮ್ಮ ಮನೆ ಹೆಣ್ಣುಮಕ್ಕಳ ಹಣೆಬರಹವೇ ಇರಬೇಕು. ನಿನ್ನ ಗಂಡ ಕುಡಿತ ಬಿಟ್ಟನೇ ಎಂದು ನಾನು ಕೇಳುವುದಿಲ್ಲ. ಇಲ್ಲಿ ಸರೋವರದ ಅಂಚಿಗೆ ಆಗಲೇ ಮಂಜುಗಡ್ಡೆ ಕಟ್ಟಿದೆ.

ಅಮ್ಮನ ವಿಷಯ ಬರೆಯಬೇಕು. ಮರೆವು ಜಾಸ್ತಿಯಾಗಿದೆ ಎಂದು ಬೇಸಿಗೆಯಲ್ಲೇ ತಿಳಿಸಿದ್ದೆ. ವಯಸ್ಸಾಯಿತಲ್ಲ ಎಂದು ನೀನು ತೇಲಿಸಿಬಿಟ್ಟೆ. ಈಗ ಕೇಳು. ಹೋದ ವಾರ ನಾನು ಮಾರ್ಕೆಟ್ಟಿನ ಅಂಗಡಿ ಮುಚ್ಚಿ ನಮ್ಮ ಬೇಕರಿಗೆ ಬರುವಷ್ಟರಲ್ಲಿ, ಅಮ್ಮ ಹಿಟ್ಟು ಕಲಸುವ ಮರದ ಮರಿಗೆಯನ್ನು ಸೋಪು ಹಾಕಿ ಉಜ್ಜಿ, ಕುದಿಯುವ ನೀರು ಸುರಿದು, ಒಲೆಯ ಪಕ್ಕ ಬೋರಲು ಹಾಕಿದ್ದಳು. ಅಜ್ಜಿಯ ಕಾಲದಿಂದ ನೀರು ಹಾಕಿ ತೊಳೆಯದ ಮರಿಗೆ ಕಣೇ. ಅದರ ಒಳಮೈಗೆ ಅಂಟಿ ಒಣಗಿದ ಹಿಟ್ಟಿನಲ್ಲೇ ನಮ್ಮ ರೊಟ್ಟಿಯ ಹುಳಿ, ನಮ್ಮ ಹೆಪ್ಪು ಇದ್ದದ್ದು. ನಾವು ಚಿಕ್ಕವರಿದ್ದಾಗ ಒದ್ದೆ ಕೈಯಲ್ಲಿ ಅದನ್ನು ಮುಟ್ಟಿದರೆ ಬೆನ್ನಿಗೆ ಗುದ್ದುತ್ತಿದ್ದವಳು, ಯುದ್ಧದಲ್ಲಿ ಬಾಂಬು ಬಿದ್ದಾಗ ನಮಗಿಂತ ಮೊದಲು ಅದನ್ನು ಹೊತ್ತು ನೆಲಮಾಳಿಗೆಗೆ ಓಡಿದವಳು, ಇವಳೇ. "ಎಷ್ಟು ಕೊಳಕಾಗಿತ್ತು ನೋಡು, ಯಾರ ಮನೇದಮ್ಮ ಇದು?" ಎಂದು ನನ್ನನ್ನೇ ಕೇಳಿದಳು.

ಬೀದಿಯ ಆ ತುದಿಯ ಬೇಕರಿಯ ಹಿಲ್ಯಾ, ನಮ್ಮ ಜೊತೆ ಮಾತೇ ಬಿಟ್ಟಿದ್ದವಳು, ಪಾಪ, ತಾನೇ ಬಂದು ತನ್ನ ಹೆಪ್ಪು ಕೊಟ್ಟಳು. ಅದರಲ್ಲೇ ರೈ ಹಿಟ್ಟು ಕಲಸಿ, ಎಂದಿನಂತೆ ಮೀನು, ಹಂದಿಮಾಂಸ ತುಂಬಿ ಕಲಕುಕ್ಕೊ ರೊಟ್ಟಿ ಬೇಯಿಸಿದೆ. ಮಾರ್ಕೆಟ್ಟಿನಲ್ಲಿ ಎದುರಂಗಡಿಯ ಮೀನಿನ ಆರ್ವಿ ಒಂದು ತುಂಡು ತಿಂದು, ಮೀನು ತನ್ನದೇ, ರೊಟ್ಟಿ ಮಾತ್ರ ನೆಂಟರ ಮನೆಯದು ಎಂದು ನಕ್ಕ. ಅಮ್ಮ ನಗಲಿಲ್ಲ. ಬಾಯಿಗಿಟ್ಟದ್ದನ್ನು ಉಗಿದು, ಸಾಲಿನಲ್ಲಿ ನಿಂತ ಗಿರಾಕಿಗಳಿಗೆಲ್ಲ "ಇದನ್ನ ತಗೋಬೇಡಿ, ಇದು ನಮ್ಮದಲ್ಲ" ಎಂದು ಹೇಳುತ್ತಾ ಬಂದಳು. ನಮ್ಮ ಜನ ಗೊತ್ತಲ್ಲ, ಕೇಳಿಸಲೇ ಇಲ್ಲವೆಂಬಂತೆ ಕೈಯಲ್ಲಿದ್ದ ಕಾಫಿ ಕಪ್ಪಿನೊಳಗೆ ಮುಖ ಹುದುಗಿಸಿದರು. ನನಗೆ ನೆಲ ಬಿರಿದರೆ ಸಾಕಿತ್ತು. ಅಮ್ಮನ ಈ ಮರೆವು ಇನ್ನು ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ನೀನು ಸ್ವೀಡನ್ನಿಗೆ ಹೊರಟಾಗ ಅಮ್ಮ ಹೆಪ್ಪನ್ನು ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ನಿನ್ನ ಪೆಟ್ಟಿಗೆಗೆ ಹಾಕಿದ್ದಳಲ್ಲ. ಕ್ರಿಸ್ಮಸ್ಸಿಗೆ ಅದರಲ್ಲೇ ರೊಟ್ಟಿ ಮಾಡುತ್ತೇನೆಂದು ಬರೆಯುತ್ತೀಯಲ್ಲ. ಅದರಲ್ಲಿ ಒಂದು ಚೂರು ಒಣಗಿಸಿ, ಕಾಗದದಲ್ಲಿ ಸುತ್ತಿ ಪೋಸ್ಟಿಗೆ ಹಾಕು. ಅದೊಂದಾದರೂ ನಮ್ಮದು ಅಂತ ಉಳಿಯಲಿ.

ಮೈ ಬೆಚ್ಚಗಿಟ್ಟುಕೋ. ಮಕ್ಕಳ ಕೆನ್ನೆಗೆ ದೊಡ್ಡಮ್ಮನ ಮುತ್ತು. ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ,
ತೈಮಿ

ಲಕೋಟೆ ಅಂಟಿಸುವ ಮುಂಚೆ: ಹೆಪ್ಪನ್ನು ಪೋಸ್ಟಿಗೆ ಹಾಕಬೇಡ, ನೀನೇ ಬಾ. ಹೆಪ್ಪು ಸತ್ತುಹೋಗಿದ್ದರೂ ಬಾ. ಈಗ ತಾನೇ ಅಮ್ಮನ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕುತ್ತಿದ್ದೆ. ನನ್ನ ನರೆತ ತಲೆ ಸವರಿ, "ಒಳ್ಳೆ ಹುಡುಗಿ ಕಣಮ್ಮ ನೀನು. ಎಷ್ಟು ದಿನ ಅಂತ ನಮ್ಮನೇಲಿ ದುಡೀತೀಯ? ಇನ್ನೇನು ನನ್ನ ಮಗಳು ಇರ್ಯಾ ಬಂದ್ಬಿಡ್ತಾಳೆ. ಆಮೇಲೆ ನೀನು ನಿಮ್ಮಮ್ಮನ ಹತ್ರ ಹೋಗು" ಎಂದಳು. ನಾನು ಹೂಂ ಎಂದೆ.