ಹನ್ನೆರಡರ ಅಪವರ್ತನಗಳು

ಜೂನ್ 3, ಸೋಮವಾರ

ಪಾತ್ರೆ ತೊಳೆದಾಯಿತು. ಕಂಪ್ಯೂಟರ್ ಮುಂದೆ ಕೂತೆ. ಅಪವರ್ತನ ಹುಡುಕುವ ಪ್ರೋಗ್ರಾಂ. ಒಂದರಿಂದ ಶುರುಮಾಡಿ ಭಾಗಿಸುತ್ತ ಹೋಗುವುದು, ಶೇಷ ಸೊನ್ನೆಯಾದರೆ ಪ್ರಿಂಟ್. ಅರ್ಧದ ಆಚೆ ಯಾವುದೂ ಭಾಗಿಸುವುದಿಲ್ಲವಲ್ಲ, ಅಲ್ಲಿಗೇ ನಿಲ್ಲಿಸಿ ಜಾಣತನ ತೋರಿಸಿದೆ. 12 ಕೊಟ್ಟೆ. 1 2 3 4 6. ಹನ್ನೆರಡೇ ನಾಪತ್ತೆ — ಮನೆಮಂದಿಯನ್ನೆಲ್ಲ ಎಣಿಸಿ ತನ್ನನ್ನೇ ಬಿಟ್ಟ ಹಾಗೆ. ಕೊನೆಗೊಂದು ಸಾಲು ಸೇರಿಸಿದೆ, ಸರಿಹೋಯಿತು.

ಕಂಪ್ಯೂಟರ್ ಕ್ಲಾಸಿನಲ್ಲಿ ಲ್ಯಾಬ್ ಅಸಿಸ್ಟೆಂಟ್ ಕೆಲಸ ಒಂದೇ ಇದೆ. ನಾನೂ ಕೇಳಿದ್ದೇನೆ, ಓರಗಿತ್ತಿಯೂ ಕೇಳಿದ್ದಾಳೆ. ಶನಿವಾರ ಮೇಷ್ಟ್ರು ಇಬ್ಬರೂ ಬರೆದ ಇದೇ ಪ್ರೋಗ್ರಾಂ ನೋಡಿ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ನನಗದು ಬೇಕೇ ಬೇಕು. ಈ ಮನೆಯಾಚೆ ನನ್ನದು ಅಂತ ಒಂದು ಕುರ್ಚಿ.

ಜೂನ್ 4

ನನ್ನ ಫೈಲ್ ಯಾರೋ ತೆರೆದಿದ್ದಾರೆ. ಯಾರೋ ಏನು, ಅವಳೇ. ಮಾವನಿಗೆ ಮೌಸ್ ಹಿಡಿಯಲೂ ಬರುವುದಿಲ್ಲ.

“ಕಂಪ್ಯೂಟರ್ ಮುಟ್ಟಿದ್ಯಾ?” ಎಂದೆ.

“ಹೂಂ ಅಕ್ಕಾ, ಧೂಳು ಒರೆಸ್ದೆ.”

ಧೂಳಂತೆ.

ಜೂನ್ 5, ಬೆಳಿಗ್ಗೆ

ಬಲೆ ಹಾಕಿದೆ. ಸರಿಯಾದದ್ದು ಪೆನ್‌ಡ್ರೈವಿನಲ್ಲಿ, ಪೆನ್‌ಡ್ರೈವ್ ಬೀರುವಿನಲ್ಲಿ. ಕಂಪ್ಯೂಟರಿನಲ್ಲಿರುವುದು ಎರಡರಿಂದ ಶುರುವಾಗುವಂತೆ ಬದಲಿಸಿದೆ. ಇನ್ನು 1 ಬರುವುದಿಲ್ಲ. ಕದ್ದರೆ ಮೇಷ್ಟ್ರ ಎದುರೇ ಸಿಕ್ಕಿಬೀಳುತ್ತಾಳೆ. ಖುಷಿಯಾಗಿದೆ, ಸುಳ್ಳು ಯಾಕೆ ಹೇಳಲಿ.

ಜೂನ್ 7, ಸಂಜೆ

ಬಲೆ ಹೇಗಿದೆ ಅಂತ ರನ್ ಮಾಡಿದೆ. 1 2 3 4 6 12. 1 ವಾಪಸ್ ಬಂದು ಕೂತಿದೆ.

ಹೋಗಿ ಕೇಳಿದೆ. ಬಟ್ಟೆ ಇಸ್ತ್ರಿ ಮಾಡುತ್ತಲೇ ಹೇಳಿದಳು: “ನೀವು ಹೇಗೆ ಮಾಡಿದ್ದೀರ ಅಂತ ನೋಡೋಕೆ ತೆಗೆದಿದ್ದೆ. 1 ಬಿಟ್ಟುಹೋಗಿತ್ತು. ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ ನಾನೇ ಹಾಕ್ದೆ. ನನ್ನದೂ ಒಂದ್ಸಲ ನೋಡಿ ಅಕ್ಕಾ. ನಾಳೆ ಮರ್ಯಾದೆ ಹೋಗಬಾರ್ದು.”

ನಾಚಿಕೆಯಾಯಿತು. ಬಂದು ಅವಳ ಫೈಲ್ ತೆರೆದೆ. 12 ಕೊಟ್ಟೆ.

1 2 3 4 6.

ಹನ್ನೆರಡಿಲ್ಲ. ನಾನು ಮೊದಲು ಮಾಡಿದ ತಪ್ಪೇ. ಬಾಯಿ ಬಿಟ್ಟರೆ ಅವಳದೂ ಸರಿಹೋಗುತ್ತದೆ. ಮುಚ್ಚಿಕೊಂಡಿದ್ದರೆ ಕುರ್ಚಿ ನನ್ನದು.

ಆದರೆ... ನನ್ನ ಫೈಲಿನಲ್ಲಿ 1 ಇಲ್ಲದ್ದು ಕಂಡವಳಿಗೆ, ಹನ್ನೆರಡನ್ನು ಸೇರಿಸುವ ಅದರ ಕೊನೆಯ ಸಾಲು ಕಾಣಲಿಲ್ಲವೆ? ಇವಳೂ ಬಲೆ ಹಾಕಿದ್ದಾಳೆಯೆ? ಅಕ್ಕ ಹೇಳುತ್ತಾಳೋ ಇಲ್ಲವೋ ನೋಡೋಣ ಅಂತ?

“ಸರಿ ಇದ್ಯಾ ಅಕ್ಕಾ?” — ಒಳಗಿನಿಂದ, ಎರಡನೇ ಸಲ. ಇದನ್ನು ಬರೆಯುತ್ತ ಕೂತಿದ್ದೇನೆ.

ಇಸ್ತ್ರಿಪೆಟ್ಟಿಗೆ ಇಟ್ಟ ಸದ್ದು. ಬರುತ್ತಿದ್ದಾಳೆ. ಹೇಳಿಬಿಡುತ್ತೇನೆ. ಆದರೆ ಮೊದಲು ಅವಳ ಮುಖ ನೋಡಬೇಕು, ಬಲೆಯೋ ಅಲ್ಲವೋ—