ಗೋದಲಿ ಬರಿದಿರಬೇಕಾದ ದಿನಗಳು

ಸಾನ್ ಹೆರೋನಿಮೊ
ಡಿಸೆಂಬರ್ ೧೯

ನನ್ನ ಮುದ್ದಿನ ತಂಗಿ ರೆಮೆದಿಯೊಸ್‌ಗೆ,

ಮಠದಲ್ಲಿ ಎಲ್ಲರೂ ನಿನ್ನನ್ನು ಮದರ್ ಅಂತಾರೆ, ನನ್ನ ಬಾಯಿಗೆ ಮಾತ್ರ ಅದು ಇನ್ನೂ ಒಗ್ಗಿಲ್ಲ. ಎರಡು ತಿಂಗಳು ಕಾಗದ ಬರೆಯಲಿಲ್ಲ, ಬೈಯಬೇಡ. ಕ್ರಿಸ್‌ಮಸ್‌ಗೆ ಮುಂಚಿನ ಈ ಆಗಮನ ಕಾಲದಲ್ಲಿ ನಿಮಗೆ ಕಾಗದ ಕೊಡೋದಿಲ್ಲ, ಬಂದದ್ದನ್ನೆಲ್ಲ ಹಿರಿಯ ಮದರ್ ಎತ್ತಿಟ್ಟು ಹಬ್ಬ ಕಳೆದ ಮೇಲೆ ಹಂಚ್ತಾರೆ ಅನ್ನೋದು ನನಗೆ ಗೊತ್ತು. ಗೊತ್ತಿದ್ದೇ ಈಗ ಬರೀತಿದ್ದೇನೆ. ನೀನು ಓದುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ, ಬೇಡ ಅಕ್ಕ ಅನ್ನೋಕೂ ನಿನಗಾಗಲ್ಲ.

ಇಲ್ಲಿ ಪೊಸಾದಾ ಶುರುವಾಗಿ ನಾಲ್ಕು ದಿನ. ಮರಿಯಮ್ಮ, ಜೋಸೆಫರ ಬೊಂಬೆ ಹೊತ್ತುಕೊಂಡು ಬೀದಿಯವರೆಲ್ಲ ದಿನಕ್ಕೊಂದು ಬಾಗಿಲಲ್ಲಿ ನಿಂತು ತಂಗಲು ಜಾಗ ಕೇಳಿ ಹಾಡ್ತಿದ್ದೇವೆ. ನಿನ್ನೆ ಪಕ್ಕದ ಮನೆ ಚೋಲೆಯ ಸರದಿ. ಅವಳು ಕಾಯಿಸಿದ ಪೋಂಚೆಯಲ್ಲಿ ಹಣ್ಣೂ ಇಲ್ಲ, ಬೆಲ್ಲವೂ ಇಲ್ಲ. "ಇದನ್ನ ಕುಡಿಯೋ ಬದಲು ಜೋಸೆಫಪ್ಪ ಬಯಲಲ್ಲೇ ಮಲಗ್ತಿದ್ದ" ಅಂದೆ. ಅವಳಿಗೆ ಸಿಟ್ಟು ಬಂತು. ಬರಲಿ ಬಿಡು.

ಈಗ ಓತಿಲಿಯಾ ವಿಷಯ. ಮಗು ಉಳೀಲಿಲ್ಲ ಅಂತ ಅಳಿಯ ಫಾಬಿಯಾನ್ ನಿಮ್ಮ ಮಠಕ್ಕೆ ಫೋನ್ ಮಾಡಿದ್ದ. ಹೆಣ್ಣು ಮಗು ಕಣೇ. ತಲೆತುಂಬ ಕೂದಲು, ನಮ್ಮಮ್ಮನದೇ ಮೂಗು. ಅಳಲೇ ಇಲ್ಲ. ನನ್ನ ಮಗಳಿಗೆ ನಲವತ್ತು ದಿನದ ಬಾಣಂತನ ನಾನೇ ಮಾಡಿದೆ. ಕೋಳಿ ಸಾರು, ಬಿಸಿನೀರು, ಹೊಟ್ಟೆಗೆ ಬಟ್ಟೆ ಕಟ್ಟೋದು, ಒಂದೂ ಬಿಡಲಿಲ್ಲ. ಮಗು ಇಲ್ಲದ ಬಾಣಂತನ ಹೇಗಿರುತ್ತೆ ಅಂತ ಯಾರಿಗೂ ತಿಳಿಯೋದು ಬೇಡ. ಎದೆಹಾಲು ನಿಲ್ಲೋಕೇ ಹನ್ನೆರಡು ದಿನ ಹಿಡೀತು.

ಆಗಮನ ಕಾಲದ ಮೊದಲ ಭಾನುವಾರ ಎಂದಿನಂತೆ ಗೋದಲಿ ಕಟ್ಟಿದೆ. ಪಾಚಿ ಹಾಸಿದೆ, ಕುರುಬರ ಬೊಂಬೆ ನಿಲ್ಲಿಸಿದೆ, ನಡುವೆ ಹುಲ್ಲಿನ ತೊಟ್ಟಿಲು ಖಾಲಿ ಇಟ್ಟೆ. ಅಮ್ಮನ ಕಾಲದ ಬಾಲಯೇಸು ಬೀರುವಿನಲ್ಲೇ ಇದ್ದ. ಮೂರನೇ ದಿನ ಬೆಳಿಗ್ಗೆ ನೋಡ್ತೀನಿ, ತೊಟ್ಟಿಲಲ್ಲಿ ಮಲಗಿದ್ದಾನೆ. ಮೇಲೆ ಹಳದಿ ಕಂಬಳಿ, ಓತಿಲಿಯಾ ಬಸುರಿಯಾಗಿದ್ದಾಗ ಹೆಣೆದದ್ದು. ಅವಳು ಪಕ್ಕದಲ್ಲಿ ಕೂತು ಜೋಳ ಬಿಡಿಸ್ತಿದ್ದಳು. ಎಷ್ಟೋ ದಿನಕ್ಕೆ ಮುಖದಲ್ಲಿ ಸ್ವಲ್ಪ ಕಳೆ ಇತ್ತು.

ಚೋಲೆ ಬಂದವಳೇ ಎದೆಗೆ ಶಿಲುಬೆ ಗುರುತು ಹಾಕ್ಕೊಂಡಳು. "ಇದೇನ್ರೀ ಎದುವಿಹೆಸಮ್ಮ, ಇಪ್ಪತ್ನಾಲ್ಕಕ್ಕೆ ಮುಂಚೆ ಮಲಗಿಸ್ತಾರಾ? ಇನ್ನೂ ಹುಟ್ಟೇ ಇಲ್ವಲ್ಲ. ಸಂಜೆ ಜಪಸರಕ್ಕೆ ಹೆಂಗಸರು ಬಂದರೆ ಏನಂದಾರು?" ಅಂದಳು. ಏನೋ ಅಂದುಕೊಳ್ಳಲಿ ಅನ್ನಬೇಕಿತ್ತು ನಾನು. ಓತಿಲಿಯಾ ಸ್ನಾನಕ್ಕೆ ಹೋದಾಗ ಬಾಲಯೇಸುವನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕಂಬಳಿ ಮಡಚಿಟ್ಟೆ.

ಅವಳು ಒದ್ದೆ ಕೂದಲಲ್ಲೇ ಬಂದು ಹುಲ್ಲಿನೊಳಗೆ ಕೈಹಾಕಿ ತಡಕಿದಳು. "ಎಲ್ಲಮ್ಮ?" ಅಂದಳು.

"ಇಪ್ಪತ್ನಾಲ್ಕಕ್ಕೆ ಬರ್ತಾನಲ್ಲ ಮಗಳೇ. ಅಲ್ಲಿವರೆಗೂ ಕಾಯಬೇಕು."

"ಕಾಯೋದು ನಿನಗೆ ಚೆನ್ನಾಗಿ ಬರುತ್ತೆ ಬಿಡಮ್ಮ" ಅಂದಳು. ಅದೇ ಕೊನೆ. ಅವತ್ತಿಂದ ನನ್ನ ಜೊತೆ ಒಂದು ಮಾತಿಲ್ಲ. ಬಡಿಸಿದ್ದನ್ನು ಉಣ್ತಾಳೆ, ತಟ್ಟೆ ತೊಳೆದಿಡ್ತಾಳೆ.

ಫಾದರ್ ಆನ್ಸೆಲ್ಮೊ ಭಾನುವಾರದ ಪ್ರಬೋಧನೆಯಲ್ಲಿ, ಖಾಲಿ ತೊಟ್ಟಿಲಿನ ಮುಂದೆ ಕೂತು ಕಾಯೋದರಲ್ಲೇ ಒಂದು ಸವಿ ಇದೆ ಅಂದರು. ಒಳ್ಳೆಯವರು, ಅವರಿಗೇನು ಗೊತ್ತು ಪಾಪ. ಅರವತ್ತು ವರ್ಷ ನಾನೂ ಹಾಗೇ ನಂಬಿದ್ದೆ. ಕಾಯುವವರಿಗೆ ದೇವರು ಬಂದೇ ಬರ್ತಾನೆ ಅಂತ ನಿನಗೂ ಹೇಳಿ ಮಠಕ್ಕೆ ಕಳಿಸಿದವಳು ನಾನೇ ತಾನೆ? ಈಗ ಜಪಸರ ಹಿಡಿದರೆ ಒಂದೇ ಯೋಚನೆ. ದಿನ ತುಂಬಿದ ಮರಿಯಮ್ಮನಿಗೆ ದಾರಿಯಲ್ಲಿ ಎಷ್ಟು ಹೆದರಿಕೆಯಾಗಿರಬೇಕು ಅನ್ನೋದು ಇಷ್ಟು ವರ್ಷ ನನ್ನ ತಲೆಗೇ ಹೊಳೆದಿರಲಿಲ್ಲ. ಅವಳ ಹತ್ತಿರ ಬೇರೇನೂ ಕೇಳ್ತಿಲ್ಲ, ನನ್ನ ಮಗಳು ನನ್ನ ಜೊತೆ ಮಾತಾಡಲಿ ಅಂತ ಮಾತ್ರ ಕೇಳ್ತೀನಿ.

ಇಪ್ಪತ್ನಾಲ್ಕರ ರಾತ್ರಿ ಕೊನೆಯ ಪೊಸಾದಾ ನಮ್ಮ ಮನೆಯಲ್ಲಿ. ಬಾಲಯೇಸುವನ್ನು ಮಲಗಿಸೋ ಧರ್ಮಮಾತೆ ಈ ಸಲ ನಾನು. ನನ್ನ ಕೈಲಾಗಲ್ಲ ಕಣೇ. ಅಲ್ಲಿವರೆಗೂ ಕಾಯದೆ ನಾಳೆಯೇ ಬೀಗ ತೆಗೆದು ಅವನನ್ನು ಓತಿಲಿಯಾಳ ಕೈಗೆ ಕೊಡ್ತೀನಿ. ಕಂಬಳಿ ಸಮೇತ. ಅವಳು ಮಲಗಿಸಿದರೆ ಮಲಗಿಸಲಿ, ಎದೆಗವಚಿಕೊಂಡು ಕೋಣೆಗೆ ಹೋದರೆ ಹೋಗಲಿ. ಬೀದಿಯವರೆಲ್ಲ ಖಾಲಿ ತೊಟ್ಟಿಲಿಗೇ ಹಾಡಲಿ. ಅವಳು ಅವನನ್ನು ನನ್ನ ಮುಖಕ್ಕೇ ವಾಪಸ್ ಹಿಡಿದರೆ ಏನು ಮಾಡಲಿ ಅನ್ನೋದು ಮಾತ್ರ ಇನ್ನೂ ತಿಳೀತಿಲ್ಲ.

ಆಶೀರ್ವಾದ ಮಾಡಬೇಕಾದವಳು ನೀನು. ಆದರೂ ಅಕ್ಕನಾಗಿ ಹರಸ್ತೀನಿ: ದೇವರು ನಿನ್ನ ಮಂಡಿನೋವು ವಾಸಿ ಮಾಡಲಿ, ನಿನ್ನ ಪ್ರಾರ್ಥನೆಗೆ ಬೇಗ ಕಿವಿಗೊಡಲಿ.

ನಿನ್ನ ಅಕ್ಕ,
ಎದುವಿಹೆಸ್

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಕೈ ಬರಲಿಲ್ಲ. ಓತಿಲಿಯಾಗೆ ನೋವು ಶುರುವಾದದ್ದು ಸಂಜೆ. ಫಾಬಿಯಾನ್ ಆಸ್ಪತ್ರೆಗೆ ಅಂತ ಗಾಡಿ ತಂದು ನಿಲ್ಲಿಸಿದ್ದ. ಐದು ಹೆತ್ತವಳು ನಾನು, ಇದು ಸುಳ್ಳುನೋವು, ಬೆಳಗಾಗಲಿ ಅಂತ ಹೇಳಿ ಗಾಡಿ ವಾಪಸ್ ಕಳಿಸಿದೆ. ಬೆಳಿಗ್ಗೆ ಡಾಕ್ಟರು, "ನಿನ್ನೆಯೇ ಬಂದಿದ್ದರೆ" ಅಂದರು. ಓತಿಲಿಯಾ ಕೇಳಿಸಿಕೊಂಡಳು. ಪಾಪನಿವೇದನೆಯಲ್ಲಿ ಇದನ್ನೂ ಹೇಳಿದೆ. ಫಾದರ್, "ತಿಳಿಯದೆ ಮಾಡಿದ್ದು ಪಾಪವಲ್ಲಮ್ಮ, ಪಾಪವೇ ಅಲ್ಲದ್ದಕ್ಕೆ ಕ್ಷಮೆ ಕೊಡೋ ಹಾಗೇ ಇಲ್ಲ, ಎದ್ದು ಹೋಗು" ಅಂದರು. ಎದ್ದು ಬಂದೆ.